ಮೇಜಿನ ಮೇಲಿನ ರೈಲಿಗೂ ಒಂದು ಟೈಮ್ ಟೇಬಲ್

ಪುಣೆ, ಮುಂಬಯಿ ಕಡೆ ನೆಲೆಸಿದ ಕನ್ನಡಿಗರು ನಾಲ್ಕು ಜನ ಸೇರಿದರೆ ಮಾತು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ರೈಲಿಗೆ ಬಂದು ನಿಲ್ಲುತ್ತದೆ. ಮೀರಜದಲ್ಲಿ ಇಳಿದು, ಟ್ರಂಕು, ಹಾಸಿಗೆ ಸುರುಳಿ ಹೊತ್ತುಕೊಂಡು ದೊಡ್ಡ ಗಾಡಿಯಿಂದ ಸಣ್ಣ ಗಾಡಿಗೆ ಓಡಿದ ಕಥೆ ಐವತ್ತು ದಾಟಿದವರ ಬಳಿ ಒಂದಲ್ಲ ಒಂದು ಇದ್ದೇ ಇರುತ್ತದೆ. ನಾನೂ ಅದೇ ಪೈಕಿ. ಹಾವೇರಿ ಕಡೆಯವನು, ಬಿಕಾಂ ಮುಗಿಸಿ, ಬ್ಯಾಂಕ್ ಪರೀಕ್ಷೆ ಬರೆದು ಪುಣೆಗೆ ಬಂದೆ, ಬಂದವನು ಇಲ್ಲೇ ಉಳಿದೆ. ಆದರೆ ಇವತ್ತು ಹೇಳಹೊರಟಿರುವುದು ಆ ದೊಡ್ಡ ರೈಲಿನ ಕಥೆಯಲ್ಲ. ಅಂಗೈ ಮೇಲೆ ಇಟ್ಟುಕೊಳ್ಳಬಹುದಾದ ರೈಲಿನ ಕಥೆ.

ನಮ್ಮ ಫ್ಲ್ಯಾಟಿನ ಒಂದು ಗೋಡೆಗೆ ಹತ್ತು ಅಡಿ ಉದ್ದದ ಪ್ಲೈವುಡ್ ಹಲಗೆ ಇದೆ. ಅದರ ಮೇಲೆ ಮೂರು ಲೈನಿನ ಒಂದು ಸಣ್ಣ ಸ್ಟೇಷನ್. ಬಂದವರು ನೋಡಿ ನಗುತ್ತಾರೆ, ‘ಸಾಹೇಬರಿಗೆ ಈ ವಯಸ್ಸಿನಲ್ಲಿ ಆಟದ ರೈಲಿನ ಹುಚ್ಚು’ ಅನ್ನುತ್ತಾರೆ. ನಗಲಿ, ಅಡ್ಡಿಯಿಲ್ಲ. ಆದರೆ ಈ ಹವ್ಯಾಸದಲ್ಲಿ ಎರಡು ಭಾಗಗಳಿವೆ ಅನ್ನುವುದು ಹೊರಗಿನವರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ಮೊದಲನೆಯದು ರೈಲು ಮಾರ್ಗವನ್ನು ಕಟ್ಟುವುದು. ಎರಡನೆಯದು ಅದನ್ನು ನಡೆಸುವುದು, ಅಂದರೆ ನಿಜವಾದ ರೈಲ್ವೆಯ ನಿಯಮಗಳಂತೆ, ವೇಳಾಪಟ್ಟಿಯಂತೆ ಗಾಡಿ ಓಡಿಸುವುದು. ಈ ಎರಡನೆಯದು ಹುಟ್ಟಿದ್ದು ಹೇಗೆ ಅನ್ನುವುದೇ ಒಂದು ಸೊಗಸಾದ ಇತಿಹಾಸ.

ಕಥೆ ಶುರುವಾಗುವುದು ಜರ್ಮನಿಯ ಗೋಪಿಂಗನ್ ಎಂಬ ಊರಿನಲ್ಲಿ. 1859ರಲ್ಲಿ ಅಲ್ಲಿ ಮಾರ್ಕ್ಲಿನ್ ಎಂಬ ಕುಟುಂಬ ತಗಡಿನ ಆಟಿಕೆಗಳ ಕೆಲಸ ಆರಂಭಿಸಿತು. ಗೊಂಬೆಮನೆಗೆ ಬೇಕಾದ ಪುಟ್ಟ ಪುಟ್ಟ ಅಡಿಗೆ ಪಾತ್ರೆಗಳು ಅವರ ಮುಖ್ಯ ಸರಕು. ಈ ವ್ಯಾಪಾರದಲ್ಲಿ ಅವರಿಗೆ ಒಂದು ಸಂಗತಿ ಮನದಟ್ಟಾಗಿತ್ತು. ಗೊಂಬೆಮನೆ ಕೊಂಡ ಮಗು ಅಷ್ಟಕ್ಕೇ ಸುಮ್ಮನಾಗುವುದಿಲ್ಲ, ಮುಂದಿನ ಹಬ್ಬಕ್ಕೆ ಒಲೆ, ಅದರ ಮುಂದಿನ ಹಬ್ಬಕ್ಕೆ ಮೇಜು ಎಂದು ಕೇಳುತ್ತಲೇ ಇರುತ್ತದೆ. 1891ರ ಲೈಪ್ಜಿಗ್ ಜಾತ್ರೆಯಲ್ಲಿ ಅವರು ಇದೇ ಲೆಕ್ಕವನ್ನು ರೈಲಿಗೆ ಹಾಕಿದರು. ಎಂಟರ ಆಕಾರದ ಹಳಿ, ಕೀಲಿ ಕೊಟ್ಟರೆ ಓಡುವ ರೈಲು. ಹಳಿಗಳ ನಡುವಿನ ಅಂತರಕ್ಕೆ ಅಂಕಿಗಳನ್ನು ಕೊಟ್ಟು ಗೇಜುಗಳನ್ನು ಗೊತ್ತುಮಾಡಿದರು. ಇವತ್ತು ಕೊಂಡ ಹಳಿಗೆ ಮುಂದಿನ ವರ್ಷ ಕೊಂಡ ಹಳಿ ಸೇರಬೇಕು, ಇವತ್ತಿನ ಇಂಜಿನ್ನಿಗೆ ನಾಳಿನ ಬೋಗಿ ಹೊಂದಬೇಕು. ಕಾಮರ್ಸ್ ಓದಿದ ನನ್ನಂಥವನಿಗೆ ಇಲ್ಲಿ ಮೊದಲು ಕಾಣುವುದು ವ್ಯಾಪಾರದ ಜಾಣತನವೇ! ಆದರೆ ಆ ಜಾಣತನದಿಂದಲೇ ಆಟಿಕೆ ರೈಲು ಬೆಳೆಯುತ್ತಾ ಹೋಗುವ ರೈಲು ಮಾರ್ಗವಾಯಿತು.

ಇಂಗ್ಲೆಂಡಿನ ನಾರ್ಥಾಂಪ್ಟನ್ನಿನ ಬ್ಯಾಸೆಟ್ ಲೋಕ್ ಎಂಬ ತರುಣ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜರ್ಮನರ ಕೆಲಸ ನೋಡಿ ಬೆರಗಾದ. ಆದರೆ ಅವನ್ನು ಅಂದಾಜಿನ ಆಟಿಕೆಯಾಗಿ ಬಿಡದೆ ಇಂಗ್ಲಿಷ್ ಇಂಜಿನ್ನುಗಳ ಅಳತೆಗೆ ಸರಿಯಾಗಿ ಮಾಡಿಸಿ ಮಾರತೊಡಗಿದ. ಅವನ ಕಂಪನಿಯ ಒಂದು ರೈಲು ನಮ್ಮ ದೇಶಕ್ಕೂ ಬಂದಿದೆ. ಗ್ವಾಲಿಯರಿನ ಸಿಂಧಿಯಾ ಮಹಾರಾಜರಿಗಾಗಿ 1906ರಲ್ಲಿ ತಯಾರಾದ ಬೆಳ್ಳಿಯ ರೈಲು ಅದು. ಜೈವಿಲಾಸ ಅರಮನೆಯ ಊಟದ ಮೇಜಿನ ಮೇಲೆ ಅದು ಅತಿಥಿಗಳ ಮುಂದೆ ಪಾನೀಯದ ಸೀಸೆಗಳನ್ನು ಹೊತ್ತು ಸುತ್ತುತ್ತಿತ್ತು. ಯಾರಾದರೂ ಸೀಸೆಯನ್ನು ಎತ್ತಿದರೆ ವಿದ್ಯುತ್ ಸಂಪರ್ಕ ತಪ್ಪಿ ಗಾಡಿ ನಿಲ್ಲುತ್ತಿತ್ತು, ಇಟ್ಟರೆ ಮತ್ತೆ ಹೊರಡುತ್ತಿತ್ತು. ಅರಮನೆ ನೋಡಲು ಹೋದವರಿಗೆ ಇವತ್ತಿಗೂ ಆ ರೈಲೇ ದೊಡ್ಡ ಆಕರ್ಷಣೆ.

ಆದರೆ ನೋಡಿ, ಬೆಳ್ಳಿಯದಾದರೇನು, ತಗಡಿನದಾದರೇನು, ಈ ರೈಲುಗಳೆಲ್ಲ ಮಾಡುತ್ತಿದ್ದುದು ಒಂದೇ ಕೆಲಸ, ಸುತ್ತುವುದು. ಗಾಣದ ಎತ್ತಿನ ಹಾಗೆ. ಎಷ್ಟು ಚೆಂದದ ಇಂಜಿನ್ ಆದರೂ ಹತ್ತು ಸುತ್ತು ನೋಡಿದ ಮೇಲೆ ಮಗು ಎದ್ದು ಹೋಗುತ್ತದೆ, ಅಪ್ಪನೂ ಎದ್ದು ಹೋಗುತ್ತಾನೆ. ‘ಈ ಗಾಡಿ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ, ಯಾಕೆ ಹೊರಟಿದೆ?’ ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಫ್ರಾಂಕ್ ಎಲಿಸನ್ ಪ್ರಮುಖ. ಈತ ಮೊದಲು ನಾಟಕ ಕಂಪನಿಗಳ ರಂಗಸಜ್ಜಿಕೆಯ ಕೆಲಸದಲ್ಲಿದ್ದವನು. ‘ಡೆಲ್ಟಾ ಲೈನ್ಸ್’ ಎಂಬ ತನ್ನ ಮಾದರಿ ರೈಲು ಮಾರ್ಗ ಕಟ್ಟಿ, 1940ರ ದಶಕದಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಲೇಖನಮಾಲೆ ಬರೆದ. ಅವನ ವಾದ ಸರಳ. ಹಲಗೆಯ ಮೇಲಿನ ಗುಡ್ಡ, ಊರು, ಸೇತುವೆಗಳು ರಂಗಸಜ್ಜಿಕೆ. ರೈಲುಗಳು ಪಾತ್ರಧಾರಿಗಳು. ವೇಳಾಪಟ್ಟಿಯೇ ನಾಟಕದ ಕಥೆ. ಗುಬ್ಬಿ ಕಂಪನಿಯ ಪರದೆಗಳ ಬಗ್ಗೆ ಹಿರಿಯರ ಬಾಯಲ್ಲಿ ಕೇಳಿ ಬೆಳೆದ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ. ಪರದೆ ಎಷ್ಟೇ ಝಗಝಗಿಸಲಿ, ಪಾತ್ರಧಾರಿ ಬಂದು ಸುಮ್ಮನೆ ರಂಗದ ಸುತ್ತ ತಿರುಗಿ ಹೋದರೆ ಯಾರು ಟಿಕೆಟ್ ಕೊಳ್ಳುತ್ತಾರೆ?

ಇಲ್ಲಿ ಒಂದು ತೊಡಕಿದೆ, ಅದು ಶುದ್ಧ ಗಣಿತದ್ದು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಎಚ್‌ಓ’ ಅಳತೆಯಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಅದನ್ನು 87ರಿಂದ ಭಾಗಿಸಿದರೂ 230 ಮೀಟರ್ ಬರುತ್ತದೆ! ಯಾವ ಮನೆಯಲ್ಲಿ ಹಿಡಿಸೀತು? ಹಾಗಾಗಿ ಎರಡು ಸ್ಟೇಷನ್ನುಗಳ ನಡುವೆ ಹತ್ತು ಮೀಟರ್ ಸಿಕ್ಕರೆ ಅದೇ ಪುಣ್ಯ. ಗಂಟೆಗೆ 45 ಕಿಲೋಮೀಟರ್ ವೇಗದ ಗಾಡಿಯನ್ನು ಅದೇ ಪ್ರಮಾಣದಲ್ಲಿ ಇಳಿಸಿದರೆ ಅದು ಹತ್ತು ಮೀಟರ್ ದಾಟಲು ಸುಮಾರು 70 ಸೆಕೆಂಡು ಬೇಕು. 70 ಸೆಕೆಂಡಿಗೆ ಮುಂದಿನ ಊರು ಬಂದುಬಿಟ್ಟರೆ ಅದು ರೈಲು ಪ್ರಯಾಣ ಅನ್ನಿಸುವುದಿಲ್ಲ. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯ ಚುರುಕು ಗಡಿಯಾರ. ಹನ್ನೆರಡು ಪಟ್ಟು ವೇಗವಾಗಿ ತಿರುಗುವ ಗಡಿಯಾರವನ್ನು ಗೋಡೆಗೆ ಹಾಕಿದರೆ ಆ 70 ಸೆಕೆಂಡು 14 ನಿಮಿಷವಾಗುತ್ತದೆ. ಎರಡು ಗಂಟೆಯಲ್ಲಿ ಒಂದು ಇಡೀ ಹಗಲು ರಾತ್ರಿ ಮುಗಿಯುತ್ತದೆ. ಜಾಗವನ್ನು ಕುಗ್ಗಿಸಿದ ಮೇಲೆ ಕಾಲವನ್ನೂ ಕುಗ್ಗಿಸಲೇಬೇಕಾಯಿತು.

ಇನ್ನು ಗೂಡ್ಸ್ ಗಾಡಿಗಳ ವಿಷಯ. ಇದು ನನ್ನಂಥ ಬ್ಯಾಂಕಿನವನಿಗೆ ಬಲು ಪ್ರಿಯವಾದ ಭಾಗ. ಅಮೆರಿಕದ ಹವ್ಯಾಸಿಗಳು ಪ್ರತಿ ವ್ಯಾಗನ್ನಿಗೂ ಒಂದು ಕಾರ್ಡು ಮಾಡಿದರು, ಕಾರ್ಡಿಗೆ ಒಂದು ಜೇಬು, ಜೇಬಿನಲ್ಲಿ ಒಂದು ಚೀಟಿ. ಚೀಟಿಯಲ್ಲಿ ಸರಕು ಏನು, ಎಲ್ಲಿಂದ, ಎಲ್ಲಿಗೆ, ಯಾರಿಗೆ ಎಂದು ಬರೆದಿರುತ್ತದೆ. ಒಂದು ಸರದಿ ಮುಗಿದರೆ ಚೀಟಿ ತಿರುಗಿಸಿ ಇಡಬೇಕು, ಹೊಸ ಊರು ಬರುತ್ತದೆ. ನಾಲ್ಕು ಸರದಿ ಆದ ಮೇಲೆ ಮತ್ತೆ ಮೊದಲಿನಿಂದ. ಇದು ನಮ್ಮ ವೋಚರ್ ಅಲ್ಲದೆ ಮತ್ತೇನು! ವೋಚರ್ ಇಲ್ಲದೆ ಹಣ ಒಂದು ಕೌಂಟರಿನಿಂದ ಇನ್ನೊಂದಕ್ಕೆ ಸರಿಯುವಂತಿಲ್ಲ, ಚೀಟಿ ಇಲ್ಲದೆ ವ್ಯಾಗನ್ ಸರಿಯುವಂತಿಲ್ಲ. ನನ್ನ ಹಲಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ, ಹುಬ್ಬಳ್ಳಿಯ ಹತ್ತಿ, ದಾಂಡೇಲಿಯ ಕಟ್ಟಿಗೆ ಎಲ್ಲವೂ ಚೀಟಿಯ ಮೇಲೆಯೇ ಓಡಾಡುತ್ತವೆ. ವ್ಯಾಗನ್ನಿನೊಳಗೆ ಏನೂ ಇಲ್ಲ ಅಂತ ನನಗೂ ಗೊತ್ತು. ಆದರೂ ಮೆಣಸಿನಕಾಯಿ ಚೀಟಿಯ ವ್ಯಾಗನ್ ಗೂಡ್ಸ್ ಶೆಡ್ಡಿನ ಎದುರು ನಿಂತಾಗ ಮನಸ್ಸಿಗೆ ಏನೋ ಒಂದು ಲೆಕ್ಕ ತಾಳೆಯಾದ ಸಮಾಧಾನ.

ಇಂಗ್ಲೆಂಡಿನಲ್ಲಿ ಇದೇ ಮಾತನ್ನು ಇನ್ನೊಂದು ರೀತಿಯಲ್ಲಿ ಸಾಧಿಸಿದವರು ಪೀಟರ್ ಡೆನ್ನಿ ಎಂಬ ಪಾದ್ರಿ. 1940ರ ದಶಕದ ಕೊನೆಗೆ ಅವರು ‘ಬಕಿಂಗ್‌ಹ್ಯಾಮ್’ ಎಂಬ ರೈಲು ಮಾರ್ಗ ಕಟ್ಟಲು ತೊಡಗಿದರು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳ ಇಂಗ್ಲೆಂಡ್ ಅದು. ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಗಾಡಿ ಬಿಡುವ ಮೊದಲು ನಿಜವಾದ ರೈಲ್ವೆಯಲ್ಲಿದ್ದಂತೆ ಗಂಟೆಯ ಸಂಕೇತ ಹೊಡೆದು ‘ಕಳಿಸಲೇ?’ ಎಂದು ಕೇಳಬೇಕು, ಆ ಕಡೆಯಿಂದ ‘ಕಳಿಸು’ ಎಂದು ಗಂಟೆ ಬಂದರೆ ಮಾತ್ರ ಸಿಗ್ನಲ್. ಆದರೆ ಪ್ರತಿ ಸಲ ಜೊತೆಗೆ ಆಡಲು ಇನ್ನೊಬ್ಬರು ಬೇಕಲ್ಲ? ಅದಕ್ಕೆ ಆ ಕಡೆಯ ಸ್ಟೇಷನ್ನನ್ನು ತಾನೇ ನೋಡಿಕೊಂಡು, ಗಂಟೆ ಹೊಡೆದು ಉತ್ತರ ಕೊಡುವ ಒಂದು ಯಂತ್ರವನ್ನೇ ತಯಾರಿಸಿ, ಅದಕ್ಕೆ ಮಗ ಕ್ರಿಸ್ಪಿನ್ನನ ಹೆಸರಿಟ್ಟರು! ಕಂಪ್ಯೂಟರ್ ಮನೆ ಹೊಗುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು. ಡೆನ್ನಿಯವರು 2009ರಲ್ಲಿ ತೀರಿಕೊಂಡರು. ಅವರ ರೈಲು ಮಾರ್ಗ ಅವರ ನಂತರವೂ ಉಳಿಯಿತು.

ಕಂಪ್ಯೂಟರ್ ಅಂದೆನಲ್ಲ, ನಮ್ಮ ಬೆಂಗಳೂರಿನ ಹುಡುಗರು ಕೇಳಬೇಕಾದ ಮಾತೊಂದಿದೆ. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 1946ರಲ್ಲಿ ವಿದ್ಯಾರ್ಥಿಗಳು ಮಾದರಿ ರೈಲಿನ ಕ್ಲಬ್ಬು ಕಟ್ಟಿದರು. ಅದರಲ್ಲಿ ಎರಡು ಗುಂಪು. ಒಂದು ಗುಂಪಿಗೆ ಹಲಗೆಯ ಮೇಲಿನ ಗುಡ್ಡ, ಮನೆ, ಬೋಗಿಗಳ ಬಣ್ಣದಲ್ಲಿ ಆಸಕ್ತಿ. ಇನ್ನೊಂದು ಗುಂಪಿಗೆ ಹಲಗೆಯ ಕೆಳಗಿನ ತಂತಿಗಳಲ್ಲಿ. ಈ ಎರಡನೆಯವರು ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳನ್ನು ತಂದು ಜೋಡಿಸಿ, ಯಾವ ಗಾಡಿ ಯಾವ ಹಳಿಯಲ್ಲಿದ್ದರೂ ಅದನ್ನು ನಡೆಸಬಲ್ಲ ವ್ಯವಸ್ಥೆ ಮಾಡಿದರು. ಸಂಸ್ಥೆಗೆ ಕಂಪ್ಯೂಟರ್ ಬಂದಾಗ ರಾತ್ರಿಯೆಲ್ಲ ಅದರ ಮುಂದೆ ಕುಳಿತವರೂ ಇವರೇ. ‘ಹ್ಯಾಕರ್’ ಎಂಬ ಪದ ಕಂಪ್ಯೂಟರಿನವರಿಗೆ ಅಂಟಿಕೊಂಡದ್ದು ಈ ಕ್ಲಬ್ಬಿನ ಆಡುಮಾತಿನಿಂದ ಎಂದು 1984ರಲ್ಲಿ ಬಂದ ಸ್ಟೀವನ್ ಲೆವಿಯ ಪುಸ್ತಕ ವಿವರಿಸುತ್ತದೆ.

ಇವರೆಲ್ಲ ಹವ್ಯಾಸಿಗಳು, ಸರಿ. ಆದರೆ ರೈಲ್ವೆಯವರೇ ಇಂಥ ಮಾದರಿಗಳನ್ನು ಗಂಭೀರವಾಗಿ ಬಳಸಿದ್ದು ಇದಕ್ಕೂ ಹಳೆಯ ಕಥೆ. ಲ್ಯಾಂಕಾಶೈರ್ ಅಂಡ್ ಯಾರ್ಕ್‌ಶೈರ್ ರೈಲ್ವೆಯವರು 1912ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಿಗ್ನಲ್ ಸಿಬ್ಬಂದಿಯ ತರಬೇತಿಗೆಂದು ಕಟ್ಟಿಸಿದ ಮಾದರಿ ರೈಲು ಮಾರ್ಗ 1995ರವರೆಗೆ ಪಾಠಕ್ಕೆ ಬಳಕೆಯಲ್ಲಿತ್ತು. ಆಮೇಲೆ ಯಾರ್ಕ್ ನಗರದ ರೈಲ್ವೆ ವಸ್ತುಸಂಗ್ರಹಾಲಯ ಸೇರಿತು. ನಮ್ಮ ರೈಲ್ವೆಯ ತರಬೇತಿ ಶಾಲೆಗಳಲ್ಲೂ ‘ಮಾಡೆಲ್ ರೂಮ್’ ಇರುತ್ತದೆ. ಹೊಸದಾಗಿ ಸೇರಿದ ಸ್ಟೇಷನ್ ಮಾಸ್ತರರು ನಿಜವಾದ ಗಾಡಿಗೆ ಸಿಗ್ನಲ್ ಕೊಡುವ ಮುಂಚೆ ಆಟಿಕೆ ಗಾಡಿಗೆ ಸಿಗ್ನಲ್ ಕೊಟ್ಟು ಕಲಿಯುತ್ತಾರೆ. ಆಟ ಅಂತ ನಗುವವರಿಗೆ ನಾನು ಹೇಳುವ ಉತ್ತರ ಇದೇ.

ಪುಣೆಯವರಿಗೆ ಇನ್ನೊಂದು ಉತ್ತರವೂ ಇದೆ, ಕೋಥ್ರೂಡಿನಲ್ಲಿ. ಬಿ.ಎಸ್. ಜೋಶಿ ಎಂಬುವರು ಚಿಕ್ಕಂದಿನಿಂದ ಹಚ್ಚಿಕೊಂಡಿದ್ದ ಈ ಹವ್ಯಾಸವನ್ನು ಬೆಳೆಸಿ, ಊರೂರಲ್ಲಿ ಪ್ರದರ್ಶನ ಮಾಡಿ, ಕೊನೆಗೆ 1998ರ ಏಪ್ರಿಲ್ 1ರಂದು ಅಲ್ಲಿ ಪುಟಾಣಿ ರೈಲುಗಳ ಸಂಗ್ರಹಾಲಯವನ್ನೇ ತೆರೆದರು. ಒಂದೇ ಕೋಣೆಯಲ್ಲಿ ಒಂದು ಇಡೀ ನಗರ, ನಗರದ ಸುತ್ತ ಹಲವು ಬಗೆಯ ರೈಲುಗಳು. ಪ್ರದರ್ಶನದ ನಡುವೆ ಹಗಲು ಕಳೆದು ಕತ್ತಲಾಗಿ ದೀಪ ಹತ್ತಿಕೊಳ್ಳುವಾಗ ಮಕ್ಕಳಿಗಿಂತ ಜೋರಾಗಿ ‘ಅರೆ ವ್ಹಾ’ ಅನ್ನುವವರು ದೊಡ್ಡವರೇ. ಅಂದ ಹಾಗೆ, ಆ ಸಂಗ್ರಹಾಲಯ ಇರುವ ರಸ್ತೆಗೆ ಜಿ.ಎ. ಕುಲಕರ್ಣಿಯವರ ಹೆಸರು. ಬೆಳಗಾವಿ ಕಡೆ ಹುಟ್ಟಿ, ಧಾರವಾಡದಲ್ಲಿ ದಶಕಗಳ ಕಾಲ ಇಂಗ್ಲಿಷ್ ಪಾಠ ಮಾಡುತ್ತಲೇ ಮರಾಠಿಯ ಬಹು ದೊಡ್ಡ ಕಥೆಗಾರರಾದ ಅದೇ ಜಿ.ಎ. ಕಡೆಗಾಲಕ್ಕೆ ಪುಣೆಗೆ ಬಂದು 1987ರಲ್ಲಿ ಇಲ್ಲಿಯೇ ತೀರಿಕೊಂಡರು. ಧಾರವಾಡದಿಂದ ಪುಣೆಗೆ ಬಂದವರ ಹೆಸರಿನ ರಸ್ತೆಯಲ್ಲಿ ಒಂದು ರೈಲಿನ ಮನೆ ಇರುವುದು ಕಾಕತಾಳೀಯ ಇರಬಹುದು, ನನಗಂತೂ ಪ್ರತಿ ಸಲ ಆ ಕಡೆ ಹೋದಾಗ ಖುಷಿ.

ಈಗ ನಮ್ಮ ರೈಲಿಗೆ ಬರೋಣ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ನಮ್ಮ ಕಡೆ ಹಾಕಿದ್ದು ಮೀಟರ್ ಗೇಜ್. ಪುಣೆಯವರೆಗೂ ಅದೇ ಇತ್ತು. 1970ರ ಆಸುಪಾಸಿನಲ್ಲಿ ಪುಣೆ-ಮೀರಜ ನಡುವೆ ಬ್ರಾಡ್ ಗೇಜ್ ಆದ ಮೇಲೆ ಗಾಡಿ ಬದಲಿಸುವ ಆ ಪ್ರಸಿದ್ಧ ಮೀರಜ ಪುರಾಣ ಶುರುವಾಯಿತು. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೋಜನೆ ಬಂದು, ಆ ದಶಕದಲ್ಲೇ ಮೀರಜ-ಹುಬ್ಬಳ್ಳಿ-ಬೆಂಗಳೂರು ದಾರಿ ಅಗಲವಾಯಿತು. ಒಳ್ಳೆಯದೇ ಆಯಿತು, ಈಗ ಪುಣೆಯಲ್ಲಿ ಹತ್ತಿದರೆ ಹಾವೇರಿಯಲ್ಲೇ ಇಳಿಯಬಹುದು. ಆದರೆ ನೂರು ವರ್ಷ ನಡೆದ ಒಂದು ರೈಲು ಹತ್ತು ವರ್ಷದೊಳಗೆ ಕಣ್ಮರೆಯಾಯಿತು. ವೈಪಿ, ವೈಜಿ ಉಗಿ ಇಂಜಿನ್ನುಗಳಲ್ಲಿ ಕೆಲವನ್ನು ಅಲ್ಲಲ್ಲಿ ಸ್ಟೇಷನ್ನಿನ ಮುಂದೆ ಬಣ್ಣ ಬಳಿದು ನಿಲ್ಲಿಸಿದ್ದಾರೆ. ಇಂಜಿನ್ ಹೀಗೆ ಉಳಿಸಬಹುದು. ಅದರ ಸುತ್ತ ನಡೆಯುತ್ತಿದ್ದ ಕೆಲಸವನ್ನು ಉಳಿಸುವುದು ಹೇಗೆ?

ಒಂಟಿ ಹಳಿಯ ಮಾರ್ಗದಲ್ಲಿ ಎದುರು ಬದುರು ಗಾಡಿಗಳು ಡಿಕ್ಕಿಯಾಗದಂತೆ ನೋಡಿಕೊಳ್ಳುವುದೇ ಸ್ಟೇಷನ್ ಮಾಸ್ತರರ ಮುಖ್ಯ ಕೆಲಸ. ಎರಡು ಸ್ಟೇಷನ್ನುಗಳಲ್ಲಿ ಒಂದಕ್ಕೊಂದು ತಂತಿಯಿಂದ ಜೋಡಿಸಿದ ಟೋಕನ್ ಯಂತ್ರಗಳು. ಆ ಕಡೆಯ ಮಾಸ್ತರರು ಒಪ್ಪಿದರೆ ಮಾತ್ರ ಈ ಕಡೆ ಒಂದು ಉಕ್ಕಿನ ಚೆಂಡು ಹೊರಬರುತ್ತದೆ. ಒಂದು ಹೊರಬಂದಿತೋ, ಎರಡೂ ಯಂತ್ರಗಳಿಗೆ ಬೀಗ. ಆ ಚೆಂಡನ್ನು ಚೀಲದಲ್ಲಿ ಹಾಕಿ, ಬೆತ್ತದ ಬಳೆಗೆ ಕಟ್ಟಿ, ಡ್ರೈವರನ ಕೈಗೆ ಕೊಡಬೇಕು. ಓಡುವ ಗಾಡಿಯಿಂದ ಕೈಚಾಚಿ ಬಳೆ ಹಿಡಿಯುವುದನ್ನು ನಿಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ನೋಡಿರುತ್ತೀರಿ. ಬ್ಯಾಂಕಿನ ತಿಜೋರಿಗೆ ಇಬ್ಬರು ಅಧಿಕಾರಿಗಳ ಎರಡು ಕೀಲಿ ಬೇಕಲ್ಲ, ಅದೇ ತತ್ವ. ಒಬ್ಬನ ವಿವೇಕದ ಮೇಲೆ ಎಲ್ಲವನ್ನೂ ಬಿಡುವಂತಿಲ್ಲ.

ನನ್ನ ಹಲಗೆಯ ಸ್ಟೇಷನ್ ಇಂಥ ಮೀಟರ್ ಗೇಜಿನದು. ಇದಕ್ಕೆ ನೆರವಾದದ್ದು ಸ್ವಿಟ್ಜರ್ಲೆಂಡ್ ಅಂದರೆ ನಂಬುತ್ತೀರಾ? ಅಲ್ಲಿನ ಗುಡ್ಡಗಾಡಿನ ರೇಟಿಯನ್ ರೈಲ್ವೆಯೂ ಮೀಟರ್ ಗೇಜಿನದೇ. 1000 ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ, ಆ ಸ್ವಿಸ್ ರೈಲುಗಳಿಗಾಗಿ ಯೂರೋಪಿನಲ್ಲಿ 12 ಮಿಲಿಮೀಟರಿನ ಹಳಿ ಮಾಡುತ್ತಾರೆ. ಅದೇ ಹಳಿಯ ಮೇಲೆ ನಮ್ಮ ಬೋಗಿಗಳನ್ನು ನಾನು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾಡಿಕೊಂಡಿದ್ದೇನೆ. ನಮ್ಮ ಬ್ರಾಡ್ ಗೇಜಿಗೆ ಈ ಅದೃಷ್ಟವಿಲ್ಲ. 1676 ಮಿಲಿಮೀಟರಿಗೆ ಲೆಕ್ಕದಂತೆ 19 ಮಿಲಿಮೀಟರಿಗೂ ತುಸು ಹೆಚ್ಚು ಬೇಕು, ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿ ಹದಿನಾರೂವರೆ.

ಹೋದ ವರ್ಷ ನಮ್ಮ ಕಾಲನಿಗೆ ಒಬ್ಬ ಹಿರಿಯರು ಮಗನ ಮನೆಗೆಂದು ಬಂದಿದ್ದರು. ಹುಬ್ಬಳ್ಳಿ ಕಡೆಯವರು, ಮೀಟರ್ ಗೇಜ್ ಕಾಲದಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು. ಮೊಮ್ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು, ಏನೂ ಅನ್ನಲಿಲ್ಲ. ಹುಡುಗ ಗಡಿಬಿಡಿ ಮಾಡಿದ, ‘ಅಜ್ಜಾ, ಗಾಡಿ ಬಿಡು, ಗಾಡಿ ಬಿಡು.’

‘ಲೈನ್ ಕ್ಲಿಯರ್ ತಗೊಂಡಿಲ್ಲಲ್ಲೊ, ಹೆಂಗ ಬಿಡ್ಲಿ?’ ಅಂದರು ಅವರು.

ಹುಡುಗನಿಗೆ ಏನೂ ತಿಳಿಯಲಿಲ್ಲ. ಅಜ್ಜ ಅವನನ್ನು ಹಲಗೆಯ ಆ ತುದಿಗೆ ಕುರ್ಚಿ ಹಾಕಿ ಕೂರಿಸಿ, ‘ನೀ ಮುಂದಿನ ಸ್ಟೇಷನ್ ಮಾಸ್ತರ. ನಾ ಕೇಳ್ತೀನಿ. ನಿನ್ನ ಲೈನ್ ಖಾಲಿ ಐತೇನು ಅಂತ ಕಣ್ಣಾಗ ನೋಡಿ ಆಮ್ಯಾಲ ಹೇಳು. ನೋಡದ ಹೂಂ ಅಂದ್ರ ನಿನ್ನ ನೌಕರಿ ಹೋತು’ ಅಂದರು. ನನ್ನ ಕಡೆ ತಿರುಗಿ, ‘ಮ್ಯಾನೇಜರ್ ಸಾಹೇಬ್ರ, ನೀವು ಪಾಯಿಂಟ್ಸ್‌ಮನ್ ಆಗ್ರಿ’ ಅಂದರು. ಅವತ್ತು ಮೂರು ಗಂಟೆಯಲ್ಲಿ ಓಡಿದ್ದು ನಾಲ್ಕೇ ಗಾಡಿ. ಆದರೆ ಒಂದೊಂದು ಗಾಡಿಗೂ ಕೇಳುವುದು, ಒಪ್ಪುವುದು, ಪಾಯಿಂಟ್ ಹಾಕುವುದು, ಸಿಗ್ನಲ್ ಇಳಿಸುವುದು, ಗಾಡಿ ಪೂರ್ತಿ ಬಂತೆಂದು ಕೊನೆಯ ಬೋಗಿಯ ಗುರುತು ನೋಡಿ ಖಾತ್ರಿ ಮಾಡಿಕೊಳ್ಳುವುದು, ರಿಜಿಸ್ಟರಿನಲ್ಲಿ ವೇಳೆ ಬರೆಯುವುದು, ಎಲ್ಲವೂ ನಡೆಯಿತು. ಹುಡುಗ ಒಂದು ಸಲವೂ ಬೇಜಾರಾಯಿತು ಅನ್ನಲಿಲ್ಲ.

ಹೊರಡುವಾಗ ಅವರು ಹೇಳಿದ್ದು ಇಷ್ಟೇ: ‘ರಿಟೈರ್ ಆಗಿ ಇಷ್ಟು ವರ್ಷಾತು ನೋಡ್ರಿ, ಏನ್ ಕೆಲಸ ಮಾಡ್ತಿದ್ರಿ ಅಂತ ಕೇಳಿದವರು ಭಾಳ ಮಂದಿ. ಹೆಂಗ ಮಾಡ್ತಿದ್ರಿ ಅಂತ ಯಾರೂ ಕೇಳಿದ್ದಿಲ್ಲ.’

ಆಮೇಲೆ ಅವರು ಊರಿಗೆ ಹೋಗುವವರೆಗೂ ಭಾನುವಾರಗಳಂದು ಅವರಿಂದ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡೆ. ಈಗ ನನ್ನ ಹಲಗೆ ನಡೆಯುವುದು ಆ ನೋಟ್‌ಬುಕ್ಕಿನ ಪ್ರಕಾರ. ನಡೆಸುವವರಿಲ್ಲದಿದ್ದರೆ ಎಂಥ ಮಾರ್ಗವೂ ಉಳಿಯುವುದಿಲ್ಲ. ಜಾನ್ ಆ್ಯಲೆನ್ ಎಂಬ ಅಮೆರಿಕದ ಮಹಾ ಕುಶಲಿ ವರ್ಷಗಟ್ಟಲೆ ಕಟ್ಟಿದ ಅದ್ಭುತ ರೈಲು ಮಾರ್ಗ, 1973ರ ಜನವರಿಯಲ್ಲಿ ಅವನು ತೀರಿಕೊಂಡ ಹತ್ತೇ ದಿನಕ್ಕೆ ಬೆಂಕಿಗೆ ಸಿಕ್ಕಿ ಹಾಳಾಯಿತು. ಉಳಿದದ್ದು ಅವನು ತೆಗೆದ ಫೋಟೋಗಳು, ಮತ್ತು ಅವನ ಜೊತೆ ಕೂತು ಗಾಡಿ ನಡೆಸಿದ ಗೆಳೆಯರ ನೆನಪು.

ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಗಾರ್ಡು, ಡ್ರೈವರು, ಪಾಯಿಂಟ್ಸ್‌ಮನ್, ಸ್ಟೇಷನ್ ಮಾಸ್ತರರಾಗಿದ್ದ ಹಿರಿಯರು ಇದ್ದರೆ ಮುಂದಿನ ಸಲ ಊರಿಗೆ ಹೋದಾಗ ಒಂದು ಗಂಟೆ ಅವರ ಬಳಿ ಕೂತು ‘ಹೆಂಗ ಮಾಡ್ತಿದ್ರಿ?’ ಅಂತ ಕೇಳಿ. ರೈಲಿನ ಹುಚ್ಚು ನಿಮಗಿರಬೇಕೆಂದೇನಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ಹಲಗೆ, ಹಳಿ ನಮ್ಮಂಥವರ ಬಳಿ ಇದೆ.